ಸರ್ಪಸುತ್ತು ವಾಸಿಯಾದ ಮೇಲೆ ಮೈತುಂಬ ಗುಳ್ಳೆ: ವೈರಸ್ಸೇ ಕಾರಣವಾ?

ನಮಸ್ಕಾರ. ಕಾಪುವಿನ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಮ್ಮನಿಗೆ ಮೊದಲು ಸರ್ಪಸುತ್ತು ಆಗಿತ್ತು. ವಾಸಿಯಾಗಿ ಕೆಲವು ತಿಂಗಳಿಗೆ ಬಾಯಲ್ಲಿ ಹುಣ್ಣು, ಆಮೇಲೆ ಮೈಮೇಲೆಲ್ಲ ಗುಳ್ಳೆ. ಈಗ ಡಾಕ್ಟರು ಪೆಂಫಿಗಸ್ ಅಂತ ಹೇಳಿದ್ದಾರೆ. ಆ ವೈರಸ್ಸಿಂದಲೇ ಇದು ಬಂತಾ?"

ಮೊದಲು ಪೆಂಫಿಗಸ್ ಏನು ಅಂತ ಬೇಗ ನೋಡೋಣ. ನಮ್ಮೂರ ಕೆಂಪುಕಲ್ಲಿನ ಗೋಡೆ ನೆನಪಿಸಿಕೊಳ್ಳಿ. ಕಲ್ಲುಗಳೇ ಚರ್ಮದ ಜೀವಕೋಶಗಳು. ಅವುಗಳ ನಡುವಿನ ಗಾರೆ ಡೆಸ್ಮೋಗ್ಲಿನ್ ಎಂಬ ಪ್ರೋಟೀನ್. ಪೆಂಫಿಗಸ್‌ನಲ್ಲಿ ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮದೇ ದೇಹದ ಆ್ಯಂಟಿಬಾಡಿಗಳು ಈ ಗಾರೆಯ ಮೇಲೆ ಬೀಳುತ್ತವೆ. ಕಲ್ಲು ಸಡಿಲವಾಗಿ, ಸಂದಿಯಲ್ಲಿ ನೀರು ತುಂಬುತ್ತದೆ. ಮುಟ್ಟಿದರೆ ಒಡೆಯುವ ತೆಳು ಗುಳ್ಳೆ ಅದು. ವಯಸ್ಸಾದವರಲ್ಲಿ ಜಾಸ್ತಿ ಕಾಣುವ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆರೋಗದಲ್ಲಿ ಗೋಡೆ ಪಾಯದಿಂದಲೇ ಬಿಟ್ಟುಕೊಳ್ಳುತ್ತದೆ. ಅಲ್ಲಿ ಗುಳ್ಳೆ ಬಿಗಿಯಾಗಿರುತ್ತದೆ, ತುರಿಕೆಯೂ ವಿಪರೀತ.

ಈಗ ವೈರಸ್ ವಿಷಯ. ಪೆಂಫಿಗಸ್ ರೋಗಿಗಳ ಹುಣ್ಣಿನಲ್ಲಿ, ಎಂಜಲಿನಲ್ಲಿ, ತುಟಿಯ ಸುತ್ತ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಡಿಎನ್‌ಎ ಸಿಕ್ಕಿದ್ದುಂಟು. ಸರ್ಪಸುತ್ತಿನ ವೈರಸ್ ಕೂಡ ಇದೇ ಹರ್ಪಿಸ್ ಕುಟುಂಬದ್ದು. ಕೋವಿಡ್ ನಂತರ ಇಂಥ ಗುಳ್ಳೆ ಕಾಣಿಸಿಕೊಂಡವರ ವರದಿಗಳೂ ಬಂದಿವೆ. ಆದರೆ ಯಾವುದು ಮೊದಲು ಬಂದದ್ದು? ಬಾಯಿ ಪೂರ್ತಿ ಹುಣ್ಣಾಗಿ, ಮೇಲಿಂದ ಪೆಂಫಿಗಸ್ ಚಿಕಿತ್ಸೆಗೆಂದು ದೇಹದ ರಕ್ಷಣೆ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟಾಗ, ಒಳಗೆ ಸುಮ್ನೆ ಮಲಗಿದ್ದ ಹರ್ಪಿಸ್ ಎದ್ದು ಬರುವುದು ಸಹಜ. ಹುಣ್ಣಿನಲ್ಲಿ ವೈರಸ್ ಸಿಕ್ಕಿತು ಅಂದ ಮಾತ್ರಕ್ಕೆ ರೋಗ ತಂದದ್ದು ಅದೇ ಅನ್ನಲಾಗದು.

ಹೊರಗಿನ ಒಂದು ವಸ್ತು ಈ ರೋಗ ಶುರು ಮಾಡಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಸುಳಿವು ಬ್ರೆಜಿಲ್‌ನದ್ದು. ಅಲ್ಲಿಯದು ವೈರಸ್ಸೇ ಅಲ್ಲ, ನೊಣ! ಅಲ್ಲಿನ ಕೆಲವು ಹಳ್ಳಿಗಳಲ್ಲಿ ಫೋಗೊ ಸೆಲ್ವಾಜೆಂ ಎಂಬ ಒಂದು ಬಗೆಯ ಪೆಂಫಿಗಸ್ ಇದೆ. ಸಣ್ಣ ವಯಸ್ಸಿನವರಿಗೂ ಬರುತ್ತದೆ, ಒಂದೇ ಮನೆಯಲ್ಲಿ ಹಲವರಿಗೆ ಬರುವುದೂ ಉಂಟು. ಆ ಪ್ರದೇಶಗಳಲ್ಲಿ ಕಚ್ಚುವ ಕೀಟಗಳ ಕಾಟ ಜಾಸ್ತಿ. ಸೊಳ್ಳೆಗಿಂತ ಚಿಕ್ಕದಾದ ಮರಳುನೊಣದ ಜೊಲ್ಲಿನಲ್ಲಿ ಎಲ್‌ಜೆಎಂ11 ಎಂಬ ಪ್ರೋಟೀನ್ ಇದೆ. ರೋಗಿಗಳಲ್ಲಿ ಡೆಸ್ಮೋಗ್ಲಿನ್-1ಕ್ಕೆ ಅಂಟುವ ಆ್ಯಂಟಿಬಾಡಿ ಇದಕ್ಕೂ ಅಂಟುತ್ತದೆ ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಪ್ರೋಟೀನನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ದೇಹ ಡೆಸ್ಮೋಗ್ಲಿನ್ ವಿರುದ್ಧವೂ ಆ್ಯಂಟಿಬಾಡಿ ತಯಾರಿಸಿತು. ನೊಣ ಕಚ್ಚಿದ್ದಕ್ಕೆ ದೇಹ ಕೊಟ್ಟ ಉತ್ತರ ತನ್ನ ಚರ್ಮಕ್ಕೇ ಬಂದು ತಗಲಿತು! ಇದನ್ನು ಓದಿ ನಾನು ಬೆರಗಾದೆ.

ಯಾವ ವೈರಸ್ಸಿಗೂ ಇಷ್ಟು ಸ್ಪಷ್ಟವಾದ ಕೊಂಡಿ ಸಿಕ್ಕಿಲ್ಲ. ಊಹೆಗಳು ಮಾತ್ರ ಇವೆ: ವೈರಸ್ ಜೀವಕೋಶ ಒಡೆದಾಗ ಒಳಗೆ ಅಡಗಿದ್ದ ಪ್ರೋಟೀನ್ ಹೊರಬಂದು ದೇಹದ ಕಣ್ಣಿಗೆ ಬೀಳಬಹುದು, ಅಥವಾ ಜ್ವರದ ಗಲಾಟೆಯಲ್ಲಿ ತಪ್ಪು ಆ್ಯಂಟಿಬಾಡಿಗಳೂ ಹೆಚ್ಚಬಹುದು. ಜೀನ್‌ಗಳ ಪಾತ್ರವೂ ದೊಡ್ಡದು. ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ದೇಹಕ್ಕೆ ನೆರವಾಗುವ ಎಚ್‌ಎಲ್‌ಎ ಜೀನ್‌ಗಳಲ್ಲಿ ಕೆಲವು ಬಗೆ ಇರುವವರಿಗೆ ಪೆಂಫಿಗಸ್ ಬರುವ ಸಾಧ್ಯತೆ ಜಾಸ್ತಿ. ಹರ್ಪಿಸ್ ಎಷ್ಟೋ ಜನರ ಮೈಯಲ್ಲಿದೆ, ಪೆಂಫಿಗಸ್ ಮಾತ್ರ ತೀರಾ ಅಪರೂಪ, ಅಲ್ವಾ?

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ನಮ್ಮ ಕಡೆ ಗುಳ್ಳೆ ಕಂಡ ಕೂಡಲೇ ಸರ್ಪಸುತ್ತು ಅಂದುಕೊಳ್ಳುತ್ತೇವೆ. ನಾಗನಿಗೆ ತಂಬಿಲ ಕೊಡುವುದು ನಿಮ್ಮ ನಂಬಿಕೆ, ಖಂಡಿತ ಕೊಡಿ. ಆದರೆ ಡಾಕ್ಟರ ಹತ್ತಿರ ಹೋಗುವುದನ್ನು ಅದಕ್ಕಾಗಿ ಮುಂದೂಡಬೇಡಿ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುತ್ತದೆ, ನೋವು ಜಾಸ್ತಿ. ಅದರ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಗುಳ್ಳೆ ಎರಡೂ ಬದಿಗೆ ಹರಡಿದರೆ, ಬಾಯಿಹುಣ್ಣು ವಾರಗಟ್ಟಲೆ ಮಾಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಚರ್ಮದ ಚೂರು ತೆಗೆದು ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ ಮಾಡಿದರೆ ಆ್ಯಂಟಿಬಾಡಿ ಎಲ್ಲಿ ಕೂತಿದೆ ಎಂದು ಕಾಣುತ್ತದೆ.

ಈಗಾಗಲೇ ಚಿಕಿತ್ಸೆಯಲ್ಲಿರುವವರಿಗೆ ಒಂದು ಮಾತು. ಔಷಧಿ ಸರಿಯಾಗಿ ತೆಗೆದುಕೊಂಡರೂ ಹುಣ್ಣು ಮಾಯುತ್ತಿಲ್ಲವಾದರೆ, ಹರ್ಪಿಸ್ ಸೇರಿಕೊಂಡಿದೆಯಾ ಎಂದು ಪರೀಕ್ಷಿಸಲು ಡಾಕ್ಟರನ್ನು ಕೇಳಿ. ಸ್ಟೀರಾಯ್ಡ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.