ಗಾಜು ನೋಡಿ, ಆಮೇಲೆ ಬಟನ್ ಒತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಇಂಥ ಕಡೆ ಲೇಸರ್ ಬೆಳಕಿನಿಂದ ಲೋಹದ ಶೀಟು ಕತ್ತರಿಸುವ ಫೈಬರ್ ಲೇಸರ್ ಕಟಿಂಗ್ ಮೆಷಿನ್ ನಡೆಸುವವರಿಗಾಗಿ. ಮಾಲೀಕರು ಕೇಳಿಸಿಕೊಂಡರೆ ಸಂತೋಷ. ಆದರೆ ನಾನು ಮಾತಾಡುತ್ತಿರುವುದು ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದು, ಮೆಷಿನ್ ಆನ್ ಮಾಡಿ, ಮೊದಲ ಶೀಟು ಏರಿಸುವ ಆಪರೇಟರ್ ಜೊತೆ. ನಿಮಗೆ ಒಂದೇ ಒಂದು ಮಾತು ಹೇಳಬೇಕಿದೆ: ಗಾಜು ನೋಡಿ, ಆಮೇಲೆ ಬಟನ್ ಒತ್ತಿ.

ಯಾವ ಗಾಜು? ಕಟಿಂಗ್ ಹೆಡ್ಡಿನಲ್ಲಿ, ಲೇಸರ್ ಬೀಮೂ ಗ್ಯಾಸೂ ಹೊರಬರುವ ಬಾಯಿ, ಅಂದರೆ ನಾಜಲ್‌ಗಿಂತ ಸ್ವಲ್ಪ ಮೇಲೆ ಒಂದು ಪುಟ್ಟ ಡ್ರಾಯರ್ ಇದೆಯಲ್ಲ, ಅದರೊಳಗೆ ದುಂಡಗೆ ಕೂತಿರುವ ಪ್ರೊಟೆಕ್ಷನ್ ಗ್ಲಾಸ್. ಅದರ ಮೇಲೆ ಬೀಮನ್ನು ಒಂದು ಬಿಂದುವಿಗೆ ಸೇರಿಸುವ ಫೋಕಸ್ ಲೆನ್ಸ್, ಅದಕ್ಕೂ ಮೇಲೆ ಬೀಮನ್ನು ನೇರ ಮಾಡುವ ಕಾಲಿಮೇಟರ್ ಲೆನ್ಸ್, ಎಲ್ಲಕ್ಕಿಂತ ಮೇಲೆ ಬೀಮು ತರುವ ಫೈಬರಿನ ತುದಿ. ಕೆಳಗಿನಿಂದ ಸಿಡಿಯುವ ಕಿಡಿ, ಹೊಗೆ, ಎಣ್ಣೆಹನಿ ಎಲ್ಲಕ್ಕೂ ಮೊದಲು ಎದೆಯೊಡ್ಡುವುದು ಈ ಗಾಜು. ಅಡಿಕೆ ಬೆಲೆಯ ಗಾಜು ಆನೆ ಬೆಲೆಯ ಹೆಡ್ಡನ್ನು ಕಾಯುತ್ತಿರುತ್ತದೆ. ಕಾವಲುಗಾರನೇ ಸುಟ್ಟುಹೋದರೆ ಒಳಗಿನವರ ಗತಿ ಏನು?

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮದು 3 ಕಿಲೋವ್ಯಾಟ್ ಮೆಷಿನ್. ಗಾಜಿನ ಮೇಲೆ ಬೀಮು ಸುಮಾರು 10 ಮಿಲಿಮೀಟರ್ ಅಗಲಕ್ಕೆ ಹರಡಿದೆ ಅಂದುಕೊಳ್ಳಿ. ಅಲ್ಲಿ ಚಿರೋಟಿ ರವೆಯ ಒಂದು ಕಾಳಿನಷ್ಟು, ಅಂದರೆ 0.3 ಮಿಲಿಮೀಟರಿನ ಒಂದು ಕಣ ಕೂತಿದೆ. ಬೀಮಿನ ಸಾವಿರದಲ್ಲಿ ಒಂದು ಪಾಲು ಆ ಕಣಕ್ಕೆ ಬಡಿಯುತ್ತದೆ. ಸುಮಾರು 3 ವ್ಯಾಟ್. ಮೂರೇ ವ್ಯಾಟ್ ತಾನೇ ಅನ್ನಬೇಡಿ. ಒಂದು ರವೆಕಾಳಿಗೆ 3 ವ್ಯಾಟ್ ಶಾಖ ಸುರಿದರೆ ಅದು ಕೆಂಡವಾಗಿ ಗಾಜಿನ ಕೋಟಿಂಗಿಗೆ ಅಂಟಿಕೊಳ್ಳುತ್ತದೆ. ಅಂಟಿದ ಕಲೆ ಇನ್ನಷ್ಟು ಶಾಖ ಹೀರುತ್ತದೆ, ಕಲೆ ಹಿಗ್ಗುತ್ತದೆ, ಗಾಜು ಕಾಯುತ್ತದೆ. ಕಾದ ಗಾಜು ತಾನೇ ಒಂದು ಲೆನ್ಸ್ ಆಗಿಬಿಡುತ್ತದೆ, ಫೋಕಸ್ ಮೇಲಕ್ಕೆ ಜರುಗುತ್ತದೆ. ನಿಮ್ಮ ಸ್ಕ್ರೀನಿನಲ್ಲಿ ಮಾತ್ರ ಫೋಕಸ್ ಸಂಖ್ಯೆ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇರುತ್ತದೆ.

ಇದು ಶೆಡ್ಡಿನಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಹೆಸರು ಬೇಡ, ಏಕೆಂದರೆ ಇದು ಒಂದು ಶೆಡ್ಡಿನ ಕಥೆಯಲ್ಲ. ಬೆಳಿಗ್ಗೆ 6 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು, ಆಕ್ಸಿಜನ್ನಿನಲ್ಲಿ ಕಟಿಂಗ್, ನಿಮಿಷಕ್ಕೆ ಎರಡೂವರೆ ಮೀಟರ್ ವೇಗ. ಮೊದಲ ಇಪ್ಪತ್ತು ಪೀಸು ಬೆಣ್ಣೆ ಕತ್ತರಿಸಿದ ಹಾಗೆ ಬಂದವು. ಅರ್ಧ ಗಂಟೆಗೆ ಕೆಳಗಿನ ಅಂಚಿನಲ್ಲಿ ಬರ್, ಅಂದರೆ ಚೂಪು ಮುಳ್ಳಿನಂಥ ಉಳಿಕೆ, ಶುರು. ಆಪರೇಟರ್ ಏನು ಮಾಡಿದ? ಸ್ಪೀಡ್ ಇಳಿಸಿದ. ಸ್ವಲ್ಪ ಹೊತ್ತು ಸರಿಹೋಯಿತು. ಅಷ್ಟರಲ್ಲಿ ಟೀ ಬಂತು. ಕುಡಿದು ಬಂದು ನೋಡಿದರೆ ಕಟಿಂಗ್ ಮತ್ತೆ ಚೆನ್ನಾಗಿದೆ! ಅರ್ಧ ಗಂಟೆ ಕಳೆದರೆ ಮತ್ತೆ ಬರ್. ಗ್ಯಾಸ್ ಪ್ರೆಶರ್ ಬದಲಿಸಿದ, ನಾಜಲ್ ಬದಲಿಸಿದ, ಪವರ್ ಏರಿಸಿದ. ಕೊನೆಗೆ, ಶೀಟೇ ಸರಿಯಿಲ್ಲ ಸಾರ್, ಅಂತ ಫೋನು.

ಸ್ವಾಮಿ, ಶೀಟು ಟೀ ಕುಡಿಯುವುದಿಲ್ಲ. ವಿರಾಮ ಕೊಟ್ಟರೆ ಸರಿಯಾಗುವುದು, ಕೆಲಸ ಶುರುವಾದ ಮೇಲೆ ಕೆಡುವುದು, ಇದು ಹೆಡ್ಡಿನೊಳಗೆ ಏನೋ ಕಾದು ತಣಿಯುತ್ತಿದೆ ಅನ್ನುವುದರ ಗುರುತು. ಅಲ್ಲಿ ಮೊದಲು ಕಾಯುವುದು ಗಾಜು. ಸ್ಪೀಡ್ ಇಳಿಸಿ ಪವರ್ ಏರಿಸುವುದೆಂದರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿ ಒಲೆಯ ಮುಂದೆ ಕೂರಿಸಿದ ಹಾಗೆ.

ಕಥೆ ಮುಗಿದಿಲ್ಲ. ಮಧ್ಯಾಹ್ನ ಡ್ರಾಯರ್ ಎಳೆದು ನೋಡಿದ, ಗಾಜಿನ ನಡುವೆ ಕಪ್ಪು ಚುಕ್ಕೆ. ಹೊಸ ಗಾಜು ಹಾಕಿದ. ಹೇಗೆ ಹಾಕಿದ ಅನ್ನುವುದು ಮುಖ್ಯ. ತಲೆಯ ಮೇಲೆ ಫ್ಯಾನು, ಪಕ್ಕದಲ್ಲೇ ಗ್ರೈಂಡಿಂಗ್, ಬರಿಗೈ, ತೆರೆದೇ ಬಿಟ್ಟ ಡ್ರಾಯರಿನ ಬಾಯಿ, ಕೊನೆಗೆ ಗಾಜಿನ ಮೇಲೆ ಉಫ್ ಅಂತ ಊದಿದ. ಸಂಜೆಗೆ ಅದೂ ಸುಟ್ಟಿತು. ಮರುದಿನ ಎರಡು, ಅದರ ಮರುದಿನ ಮೂರು. ಗಾಜಿನ ಕ್ವಾಲಿಟಿ ಸರಿಯಿಲ್ಲ ಅಂತ ಅಂಗಡಿಯವನ ಜೊತೆ ಜಗಳ. ನಿಜವಾದ ಕಳ್ಳ ಶೆಡ್ಡಿನ ಹಿಂದೆ ಕೂತಿದ್ದ. ಒಂದೂವರೆ ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಎಸ್‌ಎಸ್ ಶೀಟನ್ನು ಇವರು ಕಂಪ್ರೆಸರ್ ಗಾಳಿಯಲ್ಲೇ ಕಟ್ ಮಾಡುತ್ತಿದ್ದರು. ಗಾಳಿಯ ತೇವ ತೆಗೆಯುವ ಏರ್ ಡ್ರೈಯರಿನಲ್ಲಿ ನೀರನ್ನು ತಾನೇ ಹೊರಬಿಡುವ ಆಟೋ ಡ್ರೈನ್ ಕಟ್ಟಿಕೊಂಡಿತ್ತು. ನೀರೂ ಎಣ್ಣೆಯೂ ಸೇರಿ ಸಣ್ಣ ಮಂಜಿನ ಹಾಗೆ ನೇರವಾಗಿ ಗಾಜಿಗೆ ಹೋಗುತ್ತಿತ್ತು.

ಇದನ್ನು ಕಂಡುಹಿಡಿಯಲು ಒಂದು ಬಿಳಿ ಹಾಳೆ ಸಾಕು. ಲೇಸರ್ ಆಫ್ ಇರಲಿ. ನಾಜಲ್ ಕೆಳಗೆ ಹಾಳೆ ಹಿಡಿದು, ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಒಂದು ನಿಮಿಷ ಬಿಡಿ. ಹಾಳೆ ಒದ್ದೆಯಾದರೆ, ಜಿಡ್ಡಿನ ಕಲೆ ಬಿದ್ದರೆ ಅವತ್ತು ಏರ್ ಕಟಿಂಗ್ ಬೇಡ. ಟ್ಯಾಂಕಿನ ನೀರು ದಿನಾ ಬೆಳಿಗ್ಗೆ ಬಿಡಬೇಕು, ಆಟೋ ಡ್ರೈನ್ ಇದ್ದರೂ ಕೈಯಿಂದ ಒಮ್ಮೆ ಒತ್ತಿ ನೋಡಬೇಕು.

ಇನ್ನು ಗಾಜು ತೆಗೆಯುವ ಕ್ರಮ. ಲೇಸರ್ ಆಫ್, ಫ್ಯಾನು ಆಫ್, ಪಕ್ಕದ ಗ್ರೈಂಡಿಂಗ್ ಬಂದ್. ಕೈ ತೊಳೆದು, ಪೌಡರ್ ಇಲ್ಲದ ಗ್ಲೌಸ್ ಹಾಕಿ. ಹೆಡ್ಡಿನ ಹೊರಮೈಯನ್ನು ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ಒರೆಸಿ. ಇದನ್ನು ಯಾರೂ ಮಾಡುವುದಿಲ್ಲ, ಧೂಳು ಒಳಗೆ ಬೀಳುವುದೇ ಇಲ್ಲಿಂದ. ಡ್ರಾಯರ್ ಎಳೆದ ತಕ್ಷಣ ಅದರ ಬಾಯಿಗೆ ಟೇಪ್ ಹಚ್ಚಿ. ಗಾಜನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ನೇರಕ್ಕೆ ಹಿಡಿದರೆ ಕಲೆ ಕಾಣಿಸುವುದಿಲ್ಲ. ಧೂಳಿದ್ದರೆ ರಬ್ಬರ್ ಬಲ್ಬಿನಿಂದ ಊದಿ, ಬಾಯಿಂದ ಅಲ್ಲ, ಕಂಪ್ರೆಸರ್ ಗನ್ನಿನಿಂದಂತೂ ಅಲ್ಲವೇ ಅಲ್ಲ. ಹೋಗದಿದ್ದರೆ ಶೇಕಡಾ 99ಕ್ಕಿಂತ ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಲೆನ್ಸ್ ಒರೆಸುವ ಕಡ್ಡಿಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಒರೆಸಿ. ಒಂದು ಕಡ್ಡಿ, ಒಂದೇ ಸಲ. ಥಿನ್ನರ್ ಬೇಡ, ಪೆಟ್ರೋಲ್ ಬೇಡ, ಕೈವಸ್ತ್ರ ಬೇಡ. ಸುಟ್ಟ ಚುಕ್ಕೆ ಉಜ್ಜಿದರೆ ಹೋಗುವುದಿಲ್ಲ, ಆ ಗಾಜನ್ನು ಬಿಸಾಡಿ. ಹೌದು, ಬಿಸಾಡಿ, ತಿರುಗಿಸಿ ಹಾಕುವುದಲ್ಲ! ಅದರ ಸೀಲ್ ರಿಂಗು ಬಾಡಿ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ.

ಒಂದು ವಾರದಲ್ಲಿ ಎಷ್ಟು ಗಾಜು ಹೋಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ವಾರಕ್ಕೆ ಒಂದು ಹೋಗುತ್ತಿದ್ದದ್ದು ದಿನಕ್ಕೆ ಒಂದಾದರೆ ತಪ್ಪು ಗಾಜಿನದಲ್ಲ. ಗಾಳಿ ನೋಡಿ. ದಪ್ಪ ಶೀಟಿಗೆ ಮೊದಲ ತೂತು ಹೊಡೆಯುವ ಪಿಯರ್ಸಿಂಗ್‌ನಲ್ಲಿ ನಾಜಲ್ ತೀರಾ ಹತ್ತಿರವಿದ್ದು ಕಿಡಿ ಮೇಲಕ್ಕೆ ಹಾರುತ್ತಿದೆಯಾ ನೋಡಿ.

ಗಾಜಿನ ಮಾತಲ್ಲೇ ಸಮಯ ಓಡಿತು. ಉಳಿದದ್ದು ಬೇಗ ಬೇಗ.

ನಾಜಲ್. ತೂತು ದುಂಡಗಿರಬೇಕು. ನಾಜಲ್ ಬದಲಿಸಿದಾಗಲೆಲ್ಲ ಸೆಂಟರ್ ನೋಡಿ: ಬಾಯಿಗೆ ಪಾರದರ್ಶಕ ಟೇಪ್ ಅಂಟಿಸಿ, ಕಡಿಮೆ ಪವರಿನಲ್ಲಿ ಒಂದು ಪಲ್ಸ್ ಹೊಡೆಸಿ, ಚುಕ್ಕೆ ತೂತಿನ ನಡುವೆ ಬಿದ್ದಿದೆಯಾ ನೋಡಿ. ಪೀಸಿನ ಒಂದು ಬದಿ ನುಣುಪು, ಎದುರು ಬದಿ ಬರ್ ಅಂದರೆ ಸೆಂಟರ್ ತಪ್ಪಿದೆ. ಆಮೇಲೆ ಹೈಟ್ ಕ್ಯಾಲಿಬ್ರೇಷನ್, ಅಂದರೆ ನಾಜಲ್ ಶೀಟಿನಿಂದ ಎಷ್ಟು ಮೇಲಿರಬೇಕು ಅನ್ನುವ ಅಳತೆ ಸರಿಮಾಡುವುದು. ಹೆಡ್ ಸುಮ್ಮಸುಮ್ಮನೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ನಾಜಲ್ ಹಿಡಿದಿರುವ ಸೆರಾಮಿಕ್ ರಿಂಗು ಬಿರುಕು ಬಿಟ್ಟಿದೆಯಾ, ಸಡಿಲವಾಗಿದೆಯಾ ನೋಡಿ.

ಚಿಲ್ಲರ್, ಅಂದರೆ ಮೆಷಿನ್ನಿಗೆ ತಣ್ಣೀರು ಹರಿಸುವ ಯಂತ್ರ. ಬೋರ್‌ವೆಲ್ ನೀರು ಹಾಕಬೇಡಿ, ಪಾತ್ರೆಗೆ ಬಿಳಿ ಕಟ್ಟುವ ನೀರು ಪೈಪಿಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಜಾಲರಿಯ ಧೂಳನ್ನು ವಾರಕ್ಕೊಮ್ಮೆ ಊದಿ. ಮಳೆಗಾಲದಲ್ಲಿ ಇನ್ನೊಂದು ಅಪಾಯ: ಶೆಡ್ಡು 28 ಡಿಗ್ರಿ, ತೇವಾಂಶ ಶೇಕಡಾ 80 ಇದ್ದರೆ, 24 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕೂರುತ್ತದೆ, ತಣ್ಣೀರಿನ ಲೋಟ ಬೆವರುವ ಹಾಗೆ. ಬೈಕಂಪಾಡಿಯಂಥ ಕರಾವಳಿ ಜಾಗದಲ್ಲಿ 27 ಡಿಗ್ರಿಯಲ್ಲೇ ಬೆವರಬಹುದು. ಹಾಗೆ ಲೇಸರ್ ಹುಟ್ಟುವ ಪೆಟ್ಟಿಗೆ, ಅಂದರೆ ಲೇಸರ್ ಸೋರ್ಸಿನ ಒಳಗೆ ಬೆವರಿದರೆ ಅದರ ರಿಪೇರಿಗೆ ಗಾಜಿನ ಲೆಕ್ಕ ಸಾಲದು. ಆದ್ದರಿಂದ ಮೊದಲು ಸೋರ್ಸ್ ಕ್ಯಾಬಿನೆಟ್ಟಿನ ಏಸಿ ಅರ್ಧ ಗಂಟೆ ಓಡಲಿ, ಆಮೇಲೆ ಚಿಲ್ಲರ್. ರಾತ್ರಿ ಮೆಷಿನ್ ನಿಲ್ಲಿಸಿದರೆ ಚಿಲ್ಲರೂ ನಿಲ್ಲಲಿ.

ಬೆಡ್ಡಿನ ಪಟ್ಟಿಗಳ ಮೇಲೆ ಗಟ್ಟಿಯಾದ ಕಿಟ್ಟವನ್ನು ಬಡಿದು ಉದುರಿಸಿ, ಇಲ್ಲದಿದ್ದರೆ ಶೀಟು ಓರೆಯಾಗಿ ಕೂತು ಹೆಡ್ಡಿಗೆ ಗುದ್ದುತ್ತದೆ. ಕೆಳಗಿನ ಟ್ರಾಲಿ ತುಂಬುವ ಮೊದಲೇ ಖಾಲಿ ಮಾಡಿ. ರ್‍ಯಾಕಿನ ಅಂದರೆ ಹೆಡ್ಡು ಓಡಾಡುವ ಹಲ್ಲುಪಟ್ಟಿಯ ಹಳೇ ಗ್ರೀಸಿಗೆ ಧೂಳು ಅಂಟಿದ್ದರೆ ಒರೆಸಿ ಹೊಸದು ಹಚ್ಚಿ, ಮೇಲೆ ಮೇಲೆ ಬಳಿಯಬೇಡಿ, ಅದು ಉಜ್ಜುವ ಪೇಸ್ಟ್ ಆಗುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.

ಕೊನೆಗೆ ಆಯುಧಪೂಜೆ. ಪೂಜೆ ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ವಿಭೂತಿ, ಅರಿಶಿನ, ಕುಂಕುಮ ಎಲ್ಲ ಹೊರಗಿನ ಬಾಗಿಲಿಗೆ ಹಚ್ಚಿ, ಹಾರವನ್ನೂ ಅಲ್ಲೇ ಹಾಕಿ. ಹೆಡ್ಡಿಗೆ ಬೇಡ, ಊದುಬತ್ತಿಯನ್ನು ಅದರ ಹತ್ತಿರ ತರುವುದೂ ಬೇಡ. ಮರುದಿನ ಬೆಳಿಗ್ಗೆ ಮೆಷಿನ್ ಆನ್ ಮಾಡುವಾಗ ಟಾರ್ಚ್ ತೆಗೆದುಕೊಂಡು ಮೊದಲು ಗಾಜು ನೋಡಿ, ಆಮೇಲೆ ಬಟನ್ ಒತ್ತಿ. ನಮಸ್ಕಾರ.