ಓಡಿ ಬಂದ ತಂದೆ

ಕೇಳುಗರಿಗೆ ನಮಸ್ಕಾರ.

"ಸುಳ್ಳು ಹೇಳಿದರೆ ದೇವರು ಕಣ್ಣು ಕುಕ್ಕುತ್ತಾನೆ" ಎಂಬ ಮಾತನ್ನು ಕೇಳದೆ ದೊಡ್ಡವರಾದವರು ನಮ್ಮಲ್ಲಿ ವಿರಳ. ಊಟ ಬಿಟ್ಟ ಮಗುವಿಗೂ ತಂಗಿಯ ಜುಟ್ಟು ಎಳೆದ ಮಗುವಿಗೂ ಅದೇ ಬೆದರಿಕೆ. ಇದರಲ್ಲಿ ಹಿಂದೂ ಮನೆ, ಕ್ರೈಸ್ತ ಮನೆ ಎಂಬ ಭೇದವೇನೂ ನನಗೆ ಕಂಡಿಲ್ಲ. ವಾರವಿಡೀ ಹೀಗೆ ಹೆದರಿಸಿ, ಭಾನುವಾರ ಚರ್ಚಿನ ಸಂಡೇ ಸ್ಕೂಲಿನಲ್ಲಿ ಅದೇ ಮಗುವಿನಿಂದ "ದೇವರು ಪ್ರೀತಿಸ್ವರೂಪಿ" ಎಂಬ ಬೈಬಲ್ ವಚನವನ್ನು ಬಾಯಿಪಾಠ ಮಾಡಿಸಿದರೆ, ಅದು ನಂಬುವುದು ವಾರವಿಡೀ ಕೇಳಿದ್ದನ್ನೇ.

ಪುಟ್ಟ ಮಕ್ಕಳಿಗೆ ಬೇಷರತ್ತಿನ ಪ್ರೀತಿಯನ್ನು ವಿವರಿಸಿ ಹೇಳಲಾಗದು, ಕಥೆಯಾಗಿ ಹೇಳಬಹುದು. ಪಾಪಿಗಳ ಜೊತೆ ಕುಳಿತು ಉಣ್ಣುತ್ತಾನೆಂದು ಗೊಣಗಿದವರಿಗೆ ಯೇಸುಸ್ವಾಮಿ ಹೇಳಿದ ಮೂರು ಸಾಮ್ಯಗಳು, ಅಂದರೆ ದೃಷ್ಟಾಂತ ಕಥೆಗಳು, ಬೈಬಲಿನ ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿವೆ: 100 ಕುರಿಗಳಲ್ಲಿ ತಪ್ಪಿಹೋದ ಒಂದು, 10 ನಾಣ್ಯಗಳಲ್ಲಿ ಕಳೆದುಹೋದ ಒಂದು, ಇಬ್ಬರು ಮಕ್ಕಳಲ್ಲಿ ಮನೆ ಬಿಟ್ಟುಹೋದ ಒಬ್ಬ. ಮೂರು ನಾಲ್ಕು ವರ್ಷದವರಿಗೆ ಕುರಿಯ ಕಥೆಯೇ ಸಾಕು. ಕುರುಬ ಅದನ್ನು ಬೈಯುವುದಿಲ್ಲ, ಹೊಡೆದು ಅಟ್ಟಿಕೊಂಡೂ ಬರುವುದಿಲ್ಲ, ಹೆಗಲ ಮೇಲೆ ಹೊತ್ತು ತರುತ್ತಾನೆ.

ಏಳೆಂಟು ವರ್ಷದವರಿಗೆ ಮೂರನೆಯ ಕಥೆಯನ್ನು ನಿಧಾನವಾಗಿ ಹೇಳಬೇಕು. ಆಸ್ತಿಯಲ್ಲಿ ತನ್ನ ಪಾಲು ಪಡೆದು ಮನೆ ಬಿಟ್ಟುಹೋಗಿ, ಅದನ್ನೆಲ್ಲ ದುಂದು ಮಾಡಿ, ಕೊನೆಗೆ ಹಂದಿ ಮೇಯಿಸುತ್ತಾ ಹಸಿವಿನಿಂದ ಕಂಗಾಲಾದ ಕಿರಿಯ ಮಗ, ಅಪ್ಪನ ಮುಂದೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾನೆ: ತಪ್ಪು ಮಾಡಿದೆ, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ. ಅವನು ಇನ್ನೂ ದೂರದಲ್ಲಿರುವಾಗಲೇ, ಆಳುಕಾಳುಗಳುಳ್ಳ ಆ ಮನೆಯ ಯಜಮಾನ ತಾನೇ ಓಡಿಬಂದು ಅವನ ಕೊರಳನ್ನು ತಬ್ಬಿಕೊಂಡು ಮುದ್ದಿಡುತ್ತಾನೆ. ಕ್ಷಮೆಯ ಮಾತು ಹೊರಬರುವುದು ಆಮೇಲೆ. ಅದರಲ್ಲಿಯೂ ಕೂಲಿಯಾಳಿನ ಮಾತಿಗೆ ಬರುವಷ್ಟರಲ್ಲೇ ತಂದೆ ಆಳುಗಳ ಕಡೆ ತಿರುಗಿ ನಿಲುವಂಗಿ, ಉಂಗುರ, ಕಾಲಿಗೆ ಜೋಡು ತರಲು ಹೇಳಿಬಿಡುತ್ತಾನೆ. ಕಥೆ ಹೇಳುವವರು ಅವಸರದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿ, ಮಗ ಮೊದಲು ಕ್ಷಮೆ ಕೇಳಿದ, ಆಮೇಲೆ ತಂದೆ ಅಪ್ಪಿಕೊಂಡ ಎಂದರೆ ಕಥೆಯ ಜೀವವೇ ಹೋಯಿತು.

"ಹಾಗಾದರೆ ತಪ್ಪು ಮಾಡಿದರೂ ಪರವಾಗಿಲ್ಲವೇ?" ಎಂದು ಚುರುಕಿನ ಮಗುವೊಂದು ಕೇಳಿಯೇ ಕೇಳುತ್ತದೆ. ಉತ್ತರ ಕಥೆಯಲ್ಲೇ ಇದೆ. ಕಿರಿಯವನು ದುಂದು ಮಾಡಿದ ಪಾಲು ವಾಪಸು ಬರಲಿಲ್ಲ. "ನನ್ನದೆಲ್ಲಾ ನಿನ್ನದೇ" ಎಂದು ತಂದೆ ಹೇಳಿದ್ದು ಹಿರಿಯ ಮಗನಿಗೆ. ಹಣ ಹೋಯಿತು, ಮಗನ ಸ್ಥಾನ ಹೋಗಲಿಲ್ಲ. ಮನೆಯಲ್ಲಿಯೂ ಇದನ್ನೇ ಪಾಲಿಸಬಹುದು: ಗೋಡೆಯ ಮೇಲೆ ಗೀಚಿದವನು ಒರೆಸಲಿ, ಆದರೆ ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಎಂದಿನಂತೆ ನಿಮ್ಮ ಮಡಿಲಲ್ಲೇ ಕುಳಿತುಕೊಳ್ಳಲಿ. ವಚನ ಒಪ್ಪಿಸಿದವರಿಗೆ ನಕ್ಷತ್ರದ ಚೀಟಿ ಅಂಟಿಸುವ ಸಂಡೇ ಸ್ಕೂಲಿನ ಶಿಕ್ಷಕರಿಗೂ ಒಂದು ಮಾತು. ನಕ್ಷತ್ರ ಕೊಡಿ, ಬೇಡವೆನ್ನುವುದಿಲ್ಲ. ಅದು ನೆನಪಿನ ಶಕ್ತಿಗೆ ಸಿಕ್ಕಿದ್ದು, ದೇವರ ಮೆಚ್ಚುಗೆಯ ಗುರುತಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ.

ಹಿರಿಯ ಮಗನನ್ನು ಬಿಟ್ಟು ಕಥೆ ಮುಗಿಸುವ ರೂಢಿ ನಮ್ಮಲ್ಲಿ ಹೆಚ್ಚು. ಹೇಳಿದ ಮಾತು ಕೇಳುವ, ಎಂದೂ ತಂಟೆ ಮಾಡದ ಮಕ್ಕಳಿಗೆ ಅವನದೇ ಸಂಕಟವಿರುತ್ತದೆ: ತಪ್ಪು ಮಾಡಿದವನಿಗೆ ಹಬ್ಬದೂಟ, ದುಡಿದವನಿಗೆ ಏನೂ ಇಲ್ಲ. ಮುನಿಸಿಕೊಂಡು ಹೊರಗೇ ನಿಂತ ಅವನನ್ನು ಕರೆಯಲೂ ತಂದೆ ಅಂಗಳಕ್ಕೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಲೂಕ ಬರೆದಿಲ್ಲ. ಅದನ್ನು ಮಕ್ಕಳನ್ನೇ ಕೇಳಿ. "ನಾನಾಗಿದ್ದರೆ ಹೋಗುತ್ತಿರಲಿಲ್ಲ" ಎಂದು ಯಾವುದಾದರೂ ಮಗು ಹೇಳಿದರೆ ತಿದ್ದಲು ಹೋಗದೆ, ಏಕೆಂದು ಕೇಳಿ.

ನಮಸ್ಕಾರ.