ಲೈಸೆನ್ಸ್ ಗೋಡೆ ಮೇಲಿದೆ, ಸಾಂಬಾರು?

ನಮಸ್ಕಾರ. ನನ್ನ ಹತ್ತಿರ ಒಂದು ಹಳೇ ಯುಎಸ್‌ಬಿ ಸೌಂಡ್ ಕಾರ್ಡ್ ಇದೆ. ಗಟ್ಟಿಮುಟ್ಟಾಗಿದೆ. ಆದರೆ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ, ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ. ಕೋಡ್ 52. ಅಂದ್ರೆ, ಈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಯಾರದ್ದು ಅಂತ ಹೇಳುವ ಡಿಜಿಟಲ್ ಸಹಿ ಖಾತ್ರಿಯಾಗುತ್ತಿಲ್ಲ, ಒಳಗೆ ಬಿಡಲ್ಲ.

ಬೈದುಕೊಂಡೆ, ನಿಜ. ಆದರೂ ನಿಯಮ ತಪ್ಪು ಅನ್ನಲಾರೆ. ಇಂಥ ಡ್ರೈವರ್ ಕೆಲಸ ಮಾಡುವುದು ಕರ್ನಲ್ ಒಳಗೆ, ಅಂದ್ರೆ ವಿಂಡೋಸ್‌ನ ತಿರುಳಿನಲ್ಲಿ. ಅಲ್ಲಿ ಎಡವಿದರೆ ಇಡೀ ಕಂಪ್ಯೂಟರೇ ಮಲಗುತ್ತದೆ. ಗುರುತು ಪರಿಚಯ ಇಲ್ಲದವರನ್ನು ಅಡುಗೆಮನೆಗೆ ಬಿಡುತ್ತೀವಾ?

ನನ್ನ ತಕರಾರೇ ಬೇರೆ. 2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್‌ಗಳು ಕೆಟ್ಟು ನಿಂತು ಎಲ್ಲೆಲ್ಲೂ ನೀಲಿ ಪರದೆ. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಬಿದ್ದದ್ದು 85 ಲಕ್ಷ ಕಂಪ್ಯೂಟರ್. ಕಾರಣ ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ. ಅವರ ಆಂಟಿವೈರಸ್‌ನ ಡ್ರೈವರ್‌ಗೆ ಸಹಿ ಇತ್ತು, ಮೈಕ್ರೋಸಾಫ್ಟ್‌ನ ಸರ್ಟಿಫಿಕೇಟೂ ಇತ್ತು!

ಎಡವಟ್ಟಾಗಿದ್ದು ಆ ಡ್ರೈವರ್ ಓದುವ ಒಂದು ಪುಟ್ಟ ಫೈಲ್‌ನಿಂದ. ಹೊಸ ವೈರಸ್ ಹಿಡಿಯಲು ಇಂಥ ಫೈಲ್‌ಗಳು ಆಗಾಗ ಬರುತ್ತಲೇ ಇರುತ್ತವೆ. ಪ್ರತಿಯೊಂದನ್ನೂ ಸರ್ಟಿಫಿಕೇಟ್‌ಗೆ ಕಳಿಸುವುದಿಲ್ಲ. ಅವತ್ತು ಬಂದ ಫೈಲ್ 21ನೇ ಮಾಹಿತಿ ನೋಡು ಅಂದಿತು. ಡ್ರೈವರ್ ಹತ್ತಿರ ಇದ್ದದ್ದು 20. ಇಲ್ಲದ ಜಾಗಕ್ಕೆ ಕೈ ಹಾಕಿತು, ಬಿತ್ತು. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9:39ಕ್ಕೆ ಬಿಟ್ಟ ಫೈಲನ್ನು 78 ನಿಮಿಷದಲ್ಲಿ ವಾಪಸ್ ಪಡೆದರು. ಬಿದ್ದ ಯಂತ್ರಗಳು ಮಾತ್ರ ಎಷ್ಟೋ ಕಡೆ ತಾವಾಗಿ ಏಳಲಿಲ್ಲ. ಐಟಿ ಹುಡುಗರು ಒಂದೊಂದರ ಮುಂದೆ ಕೂತು, ಬೇಕಾದಷ್ಟನ್ನೇ ಶುರುಮಾಡುವ ಸೇಫ್ ಮೋಡ್‌ಗೆ ಹೋಗಿ, 291 ನಂಬರಿನ ಆ ಫೈಲನ್ನು ಕೈಯಾರೆ ಅಳಿಸಿದರು. ಪಾಪ, ಶುಕ್ರವಾರ ಬೇರೆ.

ಹೋಟೆಲ್ ಗೋಡೆ ಮೇಲೆ ಲೈಸೆನ್ಸ್ ತೂಗುಹಾಕಿರುತ್ತಾರಲ್ಲ, ಹಾಗೆ ಈ ಸಹಿ, ಸರ್ಟಿಫಿಕೇಟು. ಅಡುಗೆಮನೆ ಯಾರದ್ದು ಅಂತ ಅದು ಹೇಳುತ್ತದೆ. ಇವತ್ತಿನ ಸಾಂಬಾರಿನ ರುಚಿ ನೋಡಿದವರು ಯಾರು? ನೋಡಬೇಕಾದವರು ಆ ಕಂಪನಿಯವರೇ. ಮೊದಲು ಹತ್ತು ಜನಕ್ಕೆ ಬಡಿಸಿ, ಆಮೇಲೆ ಊರಿಗೆಲ್ಲ ಬಡಿಸಬಹುದಿತ್ತು. ಒಂದೇ ಸಲ ಇಡೀ ಪಂಕ್ತಿಗೆ ಸುರಿದರು. ಪೆಟ್ಟು ತಿಂದ ಮೇಲೆ ಈಗ ಹಂತ ಹಂತವಾಗಿ ಬಿಡುತ್ತಿದ್ದಾರೆ. ಆಂಟಿವೈರಸ್‌ಗಳನ್ನು ಕರ್ನಲ್‌ನಿಂದ ಆಚೆ ತರುವ ಕೆಲಸಕ್ಕೆ ಮೈಕ್ರೋಸಾಫ್ಟೂ ಕೈ ಹಾಕಿದೆ. ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಅಡುಗೆಮನೆಯಲ್ಲಿ ಜನ ಕಡಿಮೆ ಇದ್ದಷ್ಟೂ ಒಳ್ಳೆಯದು, ಅಲ್ವಾ?

ನನ್ನ ಸೌಂಡ್ ಕಾರ್ಡ್ ಇನ್ನೂ ಡ್ರಾಯರ್‌ನಲ್ಲೇ ಇದೆ. ಈ ಎಪಿಸೋಡ್ ಫೋನಿನ ಮೈಕ್‌ನಲ್ಲಿ ರೆಕಾರ್ಡ್ ಮಾಡಿದ್ದು. ಧ್ವನಿ ಸ್ವಲ್ಪ ಒಡೆದರೆ ಸಹಿಸಿಕೊಳ್ಳಿ.